ಇನ್ನೂರು ಕಿಲೋಮೀಟರ್ ಆಗುತ್ತಾ?

ಪುಣೆಯಾಗಲಿ, ಚೆನ್ನೈಯಾಗಲಿ, ಸೈಕಲ್ ಗುಂಪಿನ ವಾಟ್ಸಾಪ್‌ನಲ್ಲಿ ಗುರುವಾರ ಇಲ್ಲವೇ ಶುಕ್ರವಾರದ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ‘ಭಾನುವಾರ 200 ಇದೆಯಲ್ಲ, ನಾನು ಇದುವರೆಗೆ 80 ಮಾತ್ರ ಮಾಡಿದ್ದೀನಿ. ಆಗುತ್ತಾ?’ ಉತ್ತರಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ. ‘ಆರಾಮಾಗಿ ಆಗುತ್ತೆ ಸರ್, ಬಂದುಬಿಡಿ’ ಎಂದು ಒಬ್ಬರು. ‘ಮೊದಲು ಒಂದು 120 ಮಾಡಿ ನೋಡಿ’ ಎಂದು ಇನ್ನೊಬ್ಬರು. ‘ಡಾಕ್ಟರಿಗೆ ಒಮ್ಮೆ ತೋರಿಸಿಕೊಂಡಿದ್ದೀರಾ?’ ಎಂದು ಐವತ್ತು ದಾಟಿದ ಮೂರನೆಯವರು. ಮೂವರೂ ತಮ್ಮ ಅನುಭವದಿಂದ ಹೇಳುತ್ತಿದ್ದೇವೆಂದುಕೊಂಡಿರುತ್ತಾರೆ. ಆದರೆ ಈ ಮೂರು ಉತ್ತರಗಳಿಗೂ ನೂರು ವರ್ಷ ಮೀರಿದ ಇತಿಹಾಸವಿದೆ. ಅವುಗಳ ನಡುವೆ ಜಗಳವೂ ನಡೆದಿದೆ.

ಸೈಕಲ್ಲಿನ ಮೇಲೆ ಮನುಷ್ಯದೇಹ ಎಷ್ಟು ದೂರ ಹೋಗಬಲ್ಲದು ಎಂಬುದು 1890ರ ಸುಮಾರಿಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. 1891ರ ಮೇ ತಿಂಗಳಲ್ಲಿ ಬೋರ್ಡೊ ನಗರದಿಂದ ಪ್ಯಾರಿಸ್‌ಗೆ, ಐನೂರ ಎಪ್ಪತ್ತು ಕಿಲೋಮೀಟರ್‌ಗಿಂತ ತುಸು ಹೆಚ್ಚಿನ ದೂರಕ್ಕೆ, ಸ್ಪರ್ಧೆ ಏರ್ಪಟ್ಟಾಗ ಸವಾರರು ದಾರಿಯಲ್ಲಿ ಮಲಗಿ ಎದ್ದು ಬರುತ್ತಾರೆಂದು ಆಯೋಜಕರು ಎಣಿಸಿದ್ದರು. ಜಿ. ಪಿ. ಮಿಲ್ಸ್ ಎಂಬ ಇಂಗ್ಲಿಷ್ ಸವಾರ ಎಲ್ಲೂ ಮಲಗದೆ 27 ಗಂಟೆಯೊಳಗೆ ಪ್ಯಾರಿಸ್ ತಲುಪಿಬಿಟ್ಟ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ಲ ಪೆತಿ ಜುರ್ನಾಲ್’ ಪತ್ರಿಕೆಯ ಪಿಯೆರ್ ಜಿಫಾರ್ ಅದರ ಎರಡರಷ್ಟು ದೂರದ ಸ್ಪರ್ಧೆ ನಡೆಸಿದ: ಪ್ಯಾರಿಸ್‌ನಿಂದ ಪಶ್ಚಿಮದ ಕಡಲಂಚಿನ ಬ್ರೆಸ್ಟ್‌ಗೆ ಹೋಗಿ ವಾಪಸ್ ಪ್ಯಾರಿಸ್‌ಗೆ, ಸುಮಾರು 1200 ಕಿಲೋಮೀಟರ್. ಇನ್ನೂರಕ್ಕೂ ಹೆಚ್ಚು ಜನ ಹೊರಟರು. ಶಾರ್ಲ್ ತೆರೋಂ 71 ಗಂಟೆ 22 ನಿಮಿಷದಲ್ಲಿ, ನಿದ್ದೆಯಿಲ್ಲದೆ, ಮೊದಲಿಗನಾಗಿ ಮರಳಿದ. ಮುಗಿಸಿದವರು ಹೊರಟವರಲ್ಲಿ ಅರ್ಧದಷ್ಟು. ಕೊನೆಕೊನೆಯವರು ಬಂದು ಸೇರುವಾಗ ದಿನಗಳೇ ಕಳೆದಿದ್ದವು. ಹೆಸರು ಕೊಡಲು ಬಂದ ಕೆಲವು ಹೆಂಗಸರನ್ನು ಮಾತ್ರ ಸೇರಿಸಿಕೊಳ್ಳಲಿಲ್ಲ. ಅವರ ತಾಕತ್ತನ್ನು ಯಾರೂ ಅಳೆದು ನೋಡಿರಲಿಲ್ಲ, ಅಳೆಯುವ ಅಗತ್ಯವೂ ಯಾರಿಗೂ ಕಂಡಿರಲಿಲ್ಲ.

ಈ ದೂರಗಳನ್ನು ಕಂಡು ವೈದ್ಯರು ಗಾಬರಿಯಾದರು. ಸೈಕಲ್ ತುಳಿದರೆ ಹೃದಯ ಹಿಗ್ಗುತ್ತದೆ, ಬೆನ್ನು ಗೂನಾಗುತ್ತದೆ ಎಂಬ ವಾದಗಳು ಎದ್ದವು. ಸಮತೋಲ ಕಾಯುವ ಆತಂಕದಲ್ಲಿ ಮುಖವೇ ಬಿಗಿದುಕೊಂಡು ಹಾಗೇ ಉಳಿದುಬಿಡುತ್ತದೆ ಎಂಬ ವಿಚಿತ್ರ ರೋಗವೊಂದನ್ನು ಇಂಗ್ಲೆಂಡ್, ಅಮೆರಿಕದ ಪತ್ರಿಕೆಗಳು ‘ಸೈಕಲ್ ಮುಖ’ ಎಂಬ ಹೆಸರಿನಲ್ಲಿ ಪ್ರಚಾರ ಮಾಡಿದವು. ಅದು ಹೆಚ್ಚಾಗಿ ಅಂಟಿಕೊಳ್ಳುತ್ತಿದ್ದುದು ಹೆಂಗಸರಿಗೆ ಎಂಬುದನ್ನು ಬೇರೆ ಹೇಳಬೇಕಿಲ್ಲ. 1893ರಲ್ಲಿ ಟೆಸ್ಸಿ ರೆನಾಲ್ಡ್ಸ್ ಎಂಬ 16 ವರ್ಷದ ಹುಡುಗಿ ಬ್ರೈಟನ್‌ನಿಂದ ಲಂಡನ್‌ಗೆ ಹೋಗಿ ಅದೇ ದಿನ ವಾಪಸ್ ಬಂದಳು. ತೆಗೆದುಕೊಂಡದ್ದು ಎಂಟೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಆಮೇಲೆ ನಡೆದ ಗಲಾಟೆಯಲ್ಲಿ ಅವಳ ದಮ್ಮಿಗಿಂತ ಅವಳು ತೊಟ್ಟಿದ್ದ ಚಡ್ಡಿಯ ಚರ್ಚೆಯೇ ಜಾಸ್ತಿಯಾಯಿತು.

ಎಲ್ಲ ವೈದ್ಯರೂ ಹೀಗೆ ಹಗುರಾಗಿ ಮಾತಾಡುವವರಾಗಿರಲಿಲ್ಲ. ಬೋರ್ಡೊದ ಡಾಕ್ಟರ್ ಫಿಲಿಪ್ ತಿಸಿಯೆ 24 ಗಂಟೆಗಳ ದಾಖಲೆಗೆ ಯತ್ನಿಸುತ್ತಿದ್ದ ಸವಾರನೊಬ್ಬನನ್ನು 1893ರಲ್ಲಿ ಹತ್ತಿರದಿಂದ ಪರೀಕ್ಷಿಸಿದರು. ಸುಸ್ತು ಎಂಬುದು ಕಾಲಿನ ಸ್ನಾಯುಗಳಲ್ಲಿ ಮಾತ್ರ ಇರುವುದಿಲ್ಲ, ಮನಸ್ಸಿನಲ್ಲೂ ಇರುತ್ತದೆ ಎಂದು ಬರೆದವರಲ್ಲಿ ಅವರು ಮೊದಲಿಗರ ಸಾಲಿನವರು. ದಾಖಲೆಯ ಹುಚ್ಚನ್ನು ಅವರು ಒಪ್ಪಲಿಲ್ಲ, ಹದವಾದ ಸವಾರಿಯನ್ನು ಬೆಂಬಲಿಸಿದರು. ಆದರೆ ಹದ ಎಂದರೆ ಎಷ್ಟು? ಒಬ್ಬ ಗುಮಾಸ್ತನೋ ಮೇಷ್ಟ್ರೋ ಬಂದು, ಭಾನುವಾರ ಗೆಳೆಯರ ಜೊತೆ ಹೊರಡಬೇಕೆಂದಿದ್ದೇನೆ, ನನ್ನ ಕೈಲಾಗುತ್ತದೆಯೇ ಎಂದು ಕೇಳಿದರೆ ಹೇಳುವುದಕ್ಕೆ ಅಂದಿನ ವೈದ್ಯಶಾಸ್ತ್ರದ ಬಳಿ ಅಳತೆಗೋಲು ಇರಲಿಲ್ಲ.

ಕೆಲಸಕ್ಕೆ ಬರುವ ಮೊದಲ ಅಳತೆಗೋಲು ಹುಟ್ಟಿದ್ದು ಇಟಲಿಯಲ್ಲಿ. 1897ರ ಜೂನ್ 12ರಂದು ಹನ್ನೆರಡು ಮಂದಿ ಇಟಲಿಯ ಸವಾರರು ರೋಮ್‌ನಿಂದ ನೇಪಲ್ಸ್‌ಗೆ, 230 ಕಿಲೋಮೀಟರ್, ಹಗಲು ಬೆಳಕು ಇರುವಷ್ಟರಲ್ಲಿ ಮುಟ್ಟಬೇಕೆಂದು ಹೊರಟರು. ಯಾರು ಮೊದಲು ಎಂಬ ಲೆಕ್ಕ ಇರಲಿಲ್ಲ. ಸೂರ್ಯ ಮುಳುಗುವ ಮೊದಲು ತಲುಪಿದರೆ ಗೆದ್ದಂತೆ. ಸಾಹಸಿಗಳು ಎಂಬರ್ಥದಲ್ಲಿ ಇಂಥ ಸವಾರರಿಗೆ ‘ಔಡಾಕ್ಸ್’ ಎಂಬ ಲ್ಯಾಟಿನ್ ಹೆಸರು ಅಂಟಿಕೊಂಡಿತು. ಒಂದು ಹಗಲಿನಲ್ಲಿ ಇನ್ನೂರು ಕಿಲೋಮೀಟರ್ ಎಂಬುದು ಗುಂಪಿಗೆ ಸೇರಲು ಅರ್ಹತೆಯಾಯಿತು. ಇಂದಿಗೂ ಹೊಸಬರು ಎದುರಿಸುವ ಮೊದಲ ದೊಡ್ಡ ಸಂಖ್ಯೆ 200 ಆಗಿರುವುದು ಈ ಸೂರ್ಯನ ಲೆಕ್ಕದ ಬಳುವಳಿ. ದೇಹಶಾಸ್ತ್ರಕ್ಕೂ ಆ ಸಂಖ್ಯೆಗೂ ಅಂಥ ನಂಟಿಲ್ಲ.

ಇಟಲಿಯಿಂದ ಈ ವಿಚಾರವನ್ನು ಫ್ರಾನ್ಸಿಗೆ ತಂದವರು ಆಂರಿ ದೆಗ್ರಾಂಜ್. ಟೂರ್ ದ ಫ್ರಾನ್ಸ್ ಆರಂಭಿಸಿದವರೂ ಇವರೇ. ಒಂದು ಗಂಟೆಯಲ್ಲಿ ಎಷ್ಟು ದೂರ ಎಂಬ ದಾಖಲೆಯನ್ನು 1893ರಲ್ಲಿ 35 ಕಿಲೋಮೀಟರ್ ಚಿಲ್ಲರೆಯೊಂದಿಗೆ ಮೊದಲು ಬರೆದವರೂ ಇವರೇ. ಸ್ವತಃ ಗಟ್ಟಿ ಆಸಾಮಿ, ಬೇರೆಯವರ ಸೋಮಾರಿತನವನ್ನು ಸಹಿಸುವವರಲ್ಲ. ತಮ್ಮ ‘ಲೊಟೊ’ ಪತ್ರಿಕೆಯ ಮೂಲಕ 1904ರಲ್ಲಿ ಅವರು ಫ್ರೆಂಚ್ ಔಡಾಕ್ಸ್ ಆರಂಭಿಸಿದರು. ಇನ್ನೂರು ಕಿಲೋಮೀಟರ್ ಮುಗಿಸಿದವರಿಗೆ ಒಂದು ಪ್ರಮಾಣಪತ್ರ. ಅದರ ಹೆಸರು ‘ಬ್ರೆವೆ’. ಈಗ ಮುಂಬೈ, ಹೈದರಾಬಾದ್‌ಗಳಲ್ಲಿ ಕನ್ನಡದವರ ಬಾಯಲ್ಲೂ ಸಲೀಸಾಗಿ ಓಡಾಡುವ ಪದ ಅದು.

ದೆಗ್ರಾಂಜ್ ಅವರ ಔಡಾಕ್ಸ್‌ನಲ್ಲಿ ಎಲ್ಲರೂ ಒಟ್ಟಿಗೆ ಸಾಗಬೇಕಿತ್ತು. ಮುಂದೆ ಒಬ್ಬ ಕ್ಯಾಪ್ಟನ್, ಅವನ ವೇಗವೇ ಗುಂಪಿನ ವೇಗ. ಅವನನ್ನು ಹಿಂದಿಕ್ಕುವಂತಿಲ್ಲ. ಆ ವೇಗ ಕಾಲಕ್ರಮದಲ್ಲಿ ಗಂಟೆಗೆ 22.5 ಕಿಲೋಮೀಟರ್‌ಗೆ ಬಂದು ನಿಂತಿದೆ. ಊಟಕ್ಕೆ ನಿಲ್ಲುವುದೂ ಒಟ್ಟಿಗೆ, ಹೊರಡುವುದೂ ಒಟ್ಟಿಗೆ. ಕೇಳುವುದಕ್ಕೆ ಶಾಲೆಯ ಪ್ರವಾಸದಂತಿದ್ದರೂ ಹೊಸಬರಿಗೆ ಇದು ಒಳ್ಳೆಯ ವ್ಯವಸ್ಥೆ. ಹುರುಪಿನಲ್ಲಿ ಬೆಳಗ್ಗೆಯೇ ಶಕ್ತಿಯೆಲ್ಲ ಸುರಿದುಬಿಡುವ ದಾರಿಯನ್ನೇ ಅದು ಮುಚ್ಚುತ್ತದೆ. ಗುಂಪಿನ ನಡುವೆ ಇರುವವನಿಗೆ ಗಾಳಿಯ ಹೊಡೆತವೂ ಕಡಿಮೆ. ಮುಂದಿನವನ ಬೆನ್ನಿಗಿದ್ದರೆ ತುಳಿಯಬೇಕಾದ ಶಕ್ತಿಯಲ್ಲಿ ಕಾಲುಭಾಗಕ್ಕೂ ಹೆಚ್ಚು ಉಳಿಯಬಹುದು. ಮೋಸ ಇರುವುದೂ ಅಲ್ಲೇ. ಗುಂಪಿನ ಹೊಟ್ಟೆಯಲ್ಲಿ ನೂರು ಕಿಲೋಮೀಟರ್ ಹಾಯಾಗಿ ಬಂದವನು ತನ್ನ ತಾಕತ್ತೇ ಅಷ್ಟು ಎಂದುಕೊಳ್ಳುತ್ತಾನೆ. ಒಂದು ಪಂಕ್ಚರ್ ಆಗಿ ಗುಂಪು ತಪ್ಪಿದ ಗಳಿಗೆಯಲ್ಲಿ ಅದರ ಅಸಲು ಲೆಕ್ಕ ಸಿಗುತ್ತದೆ.

ಒಂದೇ ವೇಗ ಎಲ್ಲರಿಗೂ ಹೊಂದುವುದಿಲ್ಲ ಎಂಬ ಗೊಣಗಾಟ ಮೊದಲಿನಿಂದ ಇತ್ತು. ಔಡಾಕ್ಸ್ ಸವಾರರದೇ ಸಂಘವಾಗಿ ಹುಟ್ಟಿದ್ದ ಔಡಾಕ್ಸ್ ಕ್ಲಬ್ ಪಾರಿಸಿಯಾಂ 1921ರಲ್ಲಿ ದೆಗ್ರಾಂಜ್ ಅವರೊಂದಿಗೆ ಮುನಿಸಿಕೊಂಡು ಬೇರೆಯಾಯಿತು. ಅದರ ಹೊಸ ನಿಯಮ ಸರಳ. ಯಾರು ಯಾವ ವೇಗದಲ್ಲಾದರೂ ಹೋಗಲಿ, ಒಬ್ಬರೇ ಹೋಗಲಿ, ಜೊತೆಗೂಡಿ ಹೋಗಲಿ, ದಾರಿಯಲ್ಲಿನ ತಪಾಸಣಾ ಕೇಂದ್ರಗಳು ಮುಚ್ಚುವ ಮೊದಲು ಅಲ್ಲಿದ್ದು ಕಾರ್ಡಿಗೆ ಮೊಹರು ಹಾಕಿಸಿಕೊಂಡರೆ ಸಾಕು. ಕ್ಯಾಪ್ಟನ್ ಜಾಗಕ್ಕೆ ಗಡಿಯಾರ ಬಂತು. ಇಂದು ಭಾರತದಲ್ಲಿ ನಡೆಯುವ ಬ್ರೆವೆಗಳೆಲ್ಲ ಈ ಪಂಥದವು. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಸರಾಸರಿ ಗಂಟೆಗೆ ಸುಮಾರು 15 ಕಿಲೋಮೀಟರ್. ಕಾಗದದ ಮೇಲೆ ಇದು ಹಾಲು ತರಲು ಹೋಗುವ ವೇಗ. ಇಡ್ಲಿ ತಿಂದ ಹೊತ್ತು, ಟ್ಯೂಬ್ ಬದಲಿಸಿದ ಹೊತ್ತು, ರೈಲ್ವೆ ಗೇಟಿನಲ್ಲಿ ನಿಂತ ಹೊತ್ತು, ಮಧ್ಯಾಹ್ನ ಬಸ್‌ಸ್ಟಾಪಿನ ನೆರಳಲ್ಲಿ ಸುಮ್ಮನೆ ಕೂತ ಹೊತ್ತು, ಎಲ್ಲವೂ ಅದರೊಳಗೇ ಸೇರುತ್ತವೆ ಎಂಬುದು ಹೊಸಬರಿಗೆ ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ಹೊಳೆಯುತ್ತದೆ.

ದೆಗ್ರಾಂಜ್ ಅವರಿಗೆ ಇನ್ನೊಬ್ಬ ಎದುರಾಳಿ ಇದ್ದರು. ಸಾಂತ್ ಎತಿಯೆನ್ ಊರಿನ ಪೋಲ್ ದ ವಿವೀ, ರೇಷ್ಮೆ ವ್ಯಾಪಾರಿ, ‘ವೆಲೋಸಿಯೊ’ ಎಂಬ ಹೆಸರಿನಿಂದ ಪ್ರಸಿದ್ಧರು. 1887ರಲ್ಲಿ ಸೈಕಲ್ ಪತ್ರಿಕೆ ಶುರುಮಾಡಿ, ತಮ್ಮ ಊರಿನ ಪಕ್ಕದ ಘಟ್ಟದಲ್ಲಿ ಹೊಸಹೊಸ ಗೇರ್‌ಗಳನ್ನು ಪರೀಕ್ಷಿಸುತ್ತಾ ಬಾಳಿದವರು. ಸವಾರನಿಗೆ ಏರು ಹತ್ತಲಾಗದಿದ್ದರೆ ತಪ್ಪು ಅವನ ಕಾಲಿನದೋ, ಅವನ ಸೈಕಲ್ಲಿನದೋ ಎಂಬ ಪ್ರಶ್ನೆಯನ್ನು ಅವರು ಎತ್ತಿದರು. ಆ ಕಾಲದ ಸೈಕಲ್ಲಿಗೆ ಒಂದೇ ಗೇರ್. 1902ರಲ್ಲಿ ಫ್ರಾನ್ಸಿನ ಪ್ರವಾಸಿ ಸಂಘವೊಂದು ಬೆಟ್ಟದ ದಾರಿಯಲ್ಲಿ ಸೈಕಲ್ಲುಗಳ ಪರೀಕ್ಷೆ ಇಟ್ಟಾಗ, ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗೇರಿನ ಸೈಕಲ್ಲಿನಲ್ಲಿ ಆ ಏರುಗಳನ್ನೆಲ್ಲ ದಾಟಿದರು. ದೆಗ್ರಾಂಜ್ ಇದನ್ನು ಒಪ್ಪಲೇ ಇಲ್ಲ. ಗೇರ್ ಬದಲಿಸುವುದು ನಲವತ್ತೈದು ದಾಟಿದವರಿಗೆ ಸರಿ, ಗೆಲ್ಲಬೇಕಾದದ್ದು ಯಂತ್ರದ ಕುಶಲತೆಯಿಂದಲ್ಲ, ಸ್ನಾಯುಬಲದಿಂದ ಎಂಬ ಅರ್ಥದಲ್ಲಿ ಬರೆದರು. ಟೂರ್ ದ ಫ್ರಾನ್ಸ್‌ನಲ್ಲಿ ಗೇರ್ ಬದಲಿಸುವ ಯಂತ್ರಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ನಂದಿ ಬೆಟ್ಟದ ಏಳೆಂಟು ಕಿಲೋಮೀಟರ್ ಏರಿನಲ್ಲೋ ಪುಣೆಯ ಸಿಂಹಗಡದಲ್ಲೋ ಅರ್ಧದಾರಿಗೆ ಇಳಿದು ಸೈಕಲ್ ತಳ್ಳಿದವರು, ತಮ್ಮ ಮಂಡಿಯನ್ನು ಬೈದುಕೊಳ್ಳುವ ಮೊದಲು ಹಿಂದಿನ ಚಕ್ರದ ದೊಡ್ಡ ಹಲ್ಲುಗಾಲಿಯಲ್ಲಿ ಎಷ್ಟು ಹಲ್ಲುಗಳಿವೆಯೆಂದು ಎಣಿಸಿದರೆ ಅದು ವೆಲೋಸಿಯೊ ಪಕ್ಷಕ್ಕೆ ಹಾಕಿದ ಓಟು.

ವೆಲೋಸಿಯೊ ಕೊಟ್ಟ ಬುದ್ಧಿಮಾತುಗಳು ಸವಾರರ ನಡುವೆ ಇನ್ನೂ ಚಲಾವಣೆಯಲ್ಲಿವೆ. ಹಸಿವು ತಿಳಿಯುವ ಮೊದಲೇ ತಿನ್ನಬೇಕು, ಸುಸ್ತು ಮೈಗೆ ಹತ್ತುವ ಮೊದಲೇ ಸುಧಾರಿಸಿಕೊಳ್ಳಬೇಕು, ಒಣಜಂಭಕ್ಕೆ ತುಳಿಯಬಾರದು ಎಂಬುದು ಅವುಗಳ ಸಾರ. ಇದರಲ್ಲೊಂದು ಸೂಕ್ಷ್ಮವಿದೆ. ದೇಹ ಸುದ್ದಿ ಕಳಿಸುವ ಹೊತ್ತಿಗೆ ತಡವಾಗಿರುತ್ತದೆ ಎಂಬ ಅನುಮಾನ ಅದು. ಆಗುತ್ತಾ ಎಂಬ ಪ್ರಶ್ನೆ ಹತ್ತನೆಯ ಗಂಟೆಯ ದೇಹಕ್ಕೆ ಸಂಬಂಧಿಸಿದ್ದು. ಉತ್ತರ ಕೊಡುತ್ತಿರುವುದು ಶುಕ್ರವಾರ ಸಂಜೆ ಊಟ ಮಾಡಿ ಸೋಫಾದ ಮೇಲೆ ಕೂತ ದೇಹ.

ಸುದ್ದಿಯನ್ನು ಸಂಖ್ಯೆಯಾಗಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಎರಡನೇ ಅರ್ಧದಲ್ಲಿ ನಡೆಯಿತು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಜನರನ್ನು ಕೂರಿಸಿ, ಎಷ್ಟು ಕಷ್ಟ ಅನಿಸುತ್ತಿದೆ ಎಂದು ಅವರನ್ನೇ ಕೇಳಿದರು. ಉತ್ತರ ಹೇಳಲು 6ರಿಂದ 20ರವರೆಗಿನ ಅಂಕಿಗಳು. ವಿಚಿತ್ರವಾಗಿ ಕಾಣುವ ಈ ಆರಂಭಕ್ಕೆ ಕಾರಣವಿದೆ: ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ನಾಡಿಬಡಿತದ ಹತ್ತಿರ ಬರಬೇಕು. ಯಂತ್ರ ಅಳೆದದ್ದೂ ಮನುಷ್ಯ ಹೇಳಿದ್ದೂ ಒಂದಕ್ಕೊಂದು ಚೆನ್ನಾಗಿಯೇ ಹೊಂದಿಕೊಂಡವು. 1970ರ ದಶಕದಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ವ್ಯಾಯಾಮ ಶುರುಮಾಡುವ ಮುಂಚೆ ತುಂಬುವ ಹೌದು-ಇಲ್ಲ ಪ್ರಶ್ನಾವಳಿಯೊಂದು ಸಿದ್ಧವಾಯಿತು. ಎದೆನೋವು ಬರುತ್ತದೆಯೇ, ತಲೆಸುತ್ತು ಬಂದು ಬಿದ್ದದ್ದುಂಟೇ ಎಂಬಂಥ ಕೆಲವೇ ಪ್ರಶ್ನೆಗಳು. ಒಂದಕ್ಕೆ ಹೌದು ಎಂದರೂ ಮೊದಲು ವೈದ್ಯರನ್ನು ಕಾಣಬೇಕು. ವಾಟ್ಸಾಪ್ ಗುಂಪಿನ ಮೂರನೆಯವರು ಕೇಳುವುದು ಇದೇ ಪ್ರಶ್ನೆಯನ್ನು, ಮತ್ತು ಮೂರು ಉತ್ತರಗಳಲ್ಲಿ ತಮಾಷೆ ಮಾಡಬಾರದಂಥದ್ದು ಇದೊಂದೇ. ಆದರೆ ಅದು ತಡೆಯಬೇಕಾದವರನ್ನು ತಡೆಯುವ ಜರಡಿ. ಉಳಿದವರಿಗೆ ಇನ್ನೂರು ಆಗುತ್ತದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ.

ಬ್ರೆವೆ ಪದ್ಧತಿ ಹಿಡಿದದ್ದು ಎರಡನೆಯವರ ದಾರಿ: ಸಣ್ಣದು ಮಾಡಿ ದೊಡ್ಡದಕ್ಕೆ ಬಾ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ 1931ರಲ್ಲಿ ಹವ್ಯಾಸಿಗಳಿಗೂ ತೆರೆದುಕೊಂಡಿತು, ಆ ವರ್ಷ ಹೆಂಗಸರೂ ಸವಾರರಾಗಿ ಬಂದರು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅದಕ್ಕೆ ಹೊರಡಬೇಕಾದರೆ ಅದೇ ವರ್ಷ 200, 300, 400, 600 ನಾಲ್ಕನ್ನೂ ಸಮಯದೊಳಗೆ ಮುಗಿಸಿರಬೇಕು. ಬಾಯಿಮಾತಿನ ಭರವಸೆಗೆ, ವೈದ್ಯರ ಊಹೆಗೆ, ಸವಾರನ ಜಂಭಕ್ಕೆ ಎಲ್ಲಕ್ಕೂ ಬದಲಾಗಿ ತುಳಿದು ತೋರಿಸಿದ ನಾಲ್ಕು ಕಾರ್ಡುಗಳು. ಇದಕ್ಕಿಂತ ನ್ಯಾಯವಾದ ಪರೀಕ್ಷೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಹಾಗಿದ್ದೂ ಅದು ಎಲ್ಲಿ ಸೋಲುತ್ತದೆ ಎಂಬುದು ಭಾರತದ ಸವಾರರಿಗೆ 2019ರಲ್ಲಿ ತಿಳಿಯಿತು.

ಆ ವರ್ಷ ಆಗಸ್ಟ್ 18ರ ಸಂಜೆ ಪ್ಯಾರಿಸ್ ಸಮೀಪದ ರಾಂಬೂಯೆಯಿಂದ ಸವಾರರು ತಂಡತಂಡವಾಗಿ ಹೊರಟಾಗ ಅವರಲ್ಲಿ ಭಾರತದವರು ಮುನ್ನೂರರ ಆಸುಪಾಸಿನಲ್ಲಿದ್ದರು. ಹಿಂದಿನ ಸಲಗಳಿಗೆ ಹೋಲಿಸಿದರೆ ಅದು ದೊಡ್ಡ ದಂಡು. ಬೆಂಗಳೂರು, ಮುಂಬೈ, ಪುಣೆ, ಚೆನ್ನೈ, ದೆಹಲಿಗಳಿಂದ ಹೋದ ಸಾಫ್ಟ್‌ವೇರ್ ನೌಕರರು, ವೈದ್ಯರು, ವ್ಯಾಪಾರಿಗಳು. ಅಷ್ಟೂ ಜನರ ಹತ್ತಿರ ನಾಲ್ಕೂ ಕಾರ್ಡುಗಳಿದ್ದವು. ಒಬ್ಬರೂ ಶಿಫಾರಸಿನಿಂದ ಬಂದಿರಲಿಲ್ಲ. ಬ್ರೆಸ್ಟ್ ಕಡೆಗೆ ಹೋಗುವಾಗ ಎದುರುಗಾಳಿ ಬೀಸಿತು. ರಾತ್ರಿಗಳು ನಡುಕ ಹುಟ್ಟಿಸುವಷ್ಟು ತಣ್ಣಗಿದ್ದವು. ಬೆಳಗಿನ ಜಾವ ಫ್ರಾನ್ಸಿನ ಹಳ್ಳಿಗಳ ಬಸ್ ತಂಗುದಾಣ, ಎಟಿಎಂ ಕೋಣೆಗಳಲ್ಲಿ ಸವಾರರು ಮುದುಡಿ ಮಲಗುವುದು ಈ ಸವಾರಿಯ ಹಳೆಯ ದೃಶ್ಯ. ಒಟ್ಟಾರೆ ಹೊರಟವರಲ್ಲಿ ಹೆಚ್ಚಿನವರು 90 ಗಂಟೆಯ ಮಿತಿಯೊಳಗೋ ಅದಕ್ಕೂ ಮೊದಲೋ ಮರಳಿದರು. ಭಾರತದಿಂದ ಹೋದವರಲ್ಲಿ ಬಹುಪಾಲು ಮಂದಿಗೆ ಅದು ಸಾಧ್ಯವಾಗಲಿಲ್ಲ.

ಮುಗಿಸದವರನ್ನು ಹಗುರಾಗಿ ಆಡಿಕೊಂಡವರೂ ಇದ್ದರು. ಅದು ಅನ್ಯಾಯ. ಪರೀಕ್ಷೆ ಪಾಸಾದವರು ಪರೀಕ್ಷೆಯಲ್ಲಿ ಕೇಳದ ಪ್ರಶ್ನೆಗಳ ಎದುರು ನಿಂತಿದ್ದರು. 600 ಕಿಲೋಮೀಟರ್‌ಗೆ 40 ಗಂಟೆ, ಅಂದರೆ ಹೆಚ್ಚೆಂದರೆ ಎರಡು ರಾತ್ರಿ. ಪ್ಯಾರಿಸ್‌ಗೆ ಮರಳುವ ಸವಾರ ನಾಲ್ಕು ರಾತ್ರಿ ಕಾಣುತ್ತಾನೆ. ಮೂರನೆಯ ರಾತ್ರಿ ನಿದ್ದೆಗೆಟ್ಟ ತಲೆ ಹೇಗೆ ಆಡುತ್ತದೆ ಎಂಬುದನ್ನು ಯಾವ ಕಾರ್ಡೂ ಅಳೆದಿರುವುದಿಲ್ಲ. ನಮ್ಮಲ್ಲಿನ ಬ್ರೆವೆಗಳು ಬಹಳಷ್ಟು ಸಲ ಚತುಷ್ಪಥ ಹೆದ್ದಾರಿಯ ಅಂಚಿನಲ್ಲಿ ಸಾಗುತ್ತವೆ. ಏರಿದ್ದರೂ ನಿಧಾನದ ಏರು. ಅಲ್ಲಿಯ ದಾರಿಯಲ್ಲಿ ದೊಡ್ಡ ಬೆಟ್ಟಗಳಿಲ್ಲ, ಆದರೆ ಸಮತಟ್ಟು ಎಂಬುದೂ ಇಲ್ಲ. ಏರು, ಇಳಿವು, ಮತ್ತೆ ಏರು. 1200 ಕಿಲೋಮೀಟರ್ ಮುಗಿಯುವಾಗ ಹತ್ತಿದ ಎತ್ತರದ ಮೊತ್ತ 11,000 ಮೀಟರ್ ದಾಟಿರುತ್ತದೆ. ಚೆನ್ನೈನ ಪೂರ್ವ ಕರಾವಳಿ ರಸ್ತೆಯಲ್ಲಿ ಪಳಗಿದ ಕಾಲಿಗೆ ಬಿಸಿಲು ಗೊತ್ತು, ಕಡಲಗಾಳಿ ಗೊತ್ತು. ರಾತ್ರಿಯಿಡೀ ಬೆರಳು ಮರಗಟ್ಟುವ ಚಳಿಯಲ್ಲಿ ಬ್ರೇಕ್ ಹಿಡಿಯುವುದನ್ನು ಅದು ಎಲ್ಲಿ ಕಲಿಯಬೇಕು? ತಪಾಸಣಾ ಕೇಂದ್ರಗಳಲ್ಲಿ ಸಿಗುವ ಊಟ ಬೇರೆ, ಸಸ್ಯಾಹಾರಿಗಳಿಗೆ ಅದು ಇನ್ನೊಂದು ತಾಪತ್ರಯ. ದೇಹದ ಕ್ಷಮತೆ ಎಂದರೆ ದೇಹದೊಳಗೆ ಇರುವ ಒಂದು ಮೊತ್ತ, ಅದನ್ನು ವಿಮಾನದಲ್ಲಿ ಹಾಗೆಹಾಗೇ ಒಯ್ಯಬಹುದು ಎಂಬ ನಂಬಿಕೆ ಆ ನಾಲ್ಕು ರಾತ್ರಿಗಳಲ್ಲಿ ಅಲುಗಾಡಿತು.

ಲೆಕ್ಕ ತಪ್ಪಿದವರಿಗೆಂದೇ ಸೈಕಲ್ ಲೋಕ ಹಿಂದೆಯೇ ಒಂದು ವ್ಯವಸ್ಥೆ ಮಾಡಿಟ್ಟಿತ್ತು. ಟೂರ್ ದ ಫ್ರಾನ್ಸ್ ಮೊದಲ ಸಲ ಪಿರನೀಸ್ ಪರ್ವತಗಳ ಎತ್ತರದ ಘಟ್ಟಗಳಿಗೆ ಹತ್ತಿದ್ದು 1910ರಲ್ಲಿ. ದಾರಿ ನೋಡಿಬರಲು ಹೋದ ಅಲ್ಫೋನ್ಸ್ ಸ್ತೆನೆಸ್ ತುರ್ಮಲೆ ಘಟ್ಟದ ಹಿಮದಲ್ಲಿ ಸಿಕ್ಕಿಹಾಕಿಕೊಂಡು ಹೇಗೋ ಪಾರಾಗಿ, ರಸ್ತೆ ಚೆನ್ನಾಗಿದೆ ಎಂದು ದೆಗ್ರಾಂಜ್ ಅವರಿಗೆ ತಂತಿ ಕಳಿಸಿದ ಕಥೆ ಪ್ರಸಿದ್ಧ. ‘ಬಂದುಬಿಡಿ ಸರ್’ ಎನ್ನುವವರ ಮೂಲಪುರುಷ ಅವನೇ ಇರಬೇಕು. ಆ ವರ್ಷವೇ ಸವಾರರ ಹಿಂದೆ ಒಂದು ಗಾಡಿ ಕಾಣಿಸಿಕೊಂಡಿತು. ಕೈಲಾಗದವರನ್ನು ಗುಡಿಸಿಕೊಂಡು ಬರುವ ಗಾಡಿ, ಹೆಸರೇ ಪೊರಕೆ ಗಾಡಿ. ನಮ್ಮಲ್ಲಿ 2008ರಲ್ಲಿ ಬೆಂಗಳೂರಿನಿಂದ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಗುಂಪು ಸವಾರಿಯ ಹಿಂದೆಯೂ ವಾಹನಗಳು ಬರುತ್ತವೆ. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಟ್ಟಿ ಘಟ್ಟದ 36 ತಿರುವುಗಳಲ್ಲಿ ಯಾರು ತುಳಿಯುತ್ತಾರೆ, ಯಾರು ತಳ್ಳುತ್ತಾರೆ, ಯಾರು ಗಾಡಿ ಹತ್ತುತ್ತಾರೆ ಎಂಬುದು ಹಿಂದಿನ ರಾತ್ರಿಯ ಊಟದ ಹೊತ್ತಿನ ಮಾತುಕತೆಗೂ ಮರುದಿನದ ವಾಸ್ತವಕ್ಕೂ ಆಗಾಗ ತಾಳೆಯಾಗುವುದಿಲ್ಲ.

ಬ್ರೆವೆಯಲ್ಲಿ ಮಾತ್ರ ಪೊರಕೆ ಗಾಡಿ ಇಲ್ಲ. ಸವಾರ ತಾನೇ ಬಿಡಬೇಕು, ತಾನೇ ಫೋನ್ ಮಾಡಿ ತಿಳಿಸಬೇಕು, ಬಸ್ಸಿನ ಟಾಪ್ ಮೇಲೆ ಸೈಕಲ್ ಹಾಕಿಸಿಯೋ ಲಾರಿಗೆ ಕೈ ತೋರಿಸಿಯೋ ತಾನೇ ಊರು ಸೇರಬೇಕು. ದಾಖಲೆಯಲ್ಲಿ ಅವನ ಹೆಸರಿನ ಮುಂದೆ ‘ಮುಗಿಸಿಲ್ಲ’ ಎಂಬುದಕ್ಕೆ ಇಂಗ್ಲಿಷಿನ ಮೂರು ಅಕ್ಷರಗಳು ಬೀಳುತ್ತವೆ, ಡಿಎನ್ಎಫ್. ಹೊರಡದೇ ಇದ್ದವರಿಗೆ ಬೇರೆ ಮೂರು ಅಕ್ಷರಗಳಿವೆ, ಡಿಎನ್ಎಸ್. ಎರಡಕ್ಕೂ ದಂಡವಿಲ್ಲ. ಮುಂದಿನ ತಿಂಗಳ 200ಕ್ಕೆ ಇಬ್ಬರೂ ಹೆಸರು ಕೊಡಬಹುದು.